ಬಿಕ್ಕಳಿಕೆಗೆ ಸಿಕ್ಕ ತಾಳ

ಸೊಸೆಯ ತಂಡದಲ್ಲಿ ಪಿಟೀಲು ನುಡಿಸಲು ಮಾವ ಒಪ್ಪಿದ್ದು ಅರೆಮನಸ್ಸಿನಿಂದ. ಅವರು ಬದುಕಿಡೀ ಶಾಸ್ತ್ರೀಯ ಸಂಗೀತ ನುಡಿಸಿದವರು. ಸೊಸೆಯೋ ಗಿಟಾರಿನ ಜೊತೆ ಆಲಾಪ, ಡ್ರಮ್ಮಿನ ಜೊತೆ ಜೋಗುಳ ಹಾಡುವವಳು. ತಂಡದ ಪಿಟೀಲಿನವನು ಕೈ ಮುರಿದುಕೊಂಡಿದ್ದರಿಂದ ಅವಳಿಗೆ ಬೇರೆ ದಾರಿ ಇರಲಿಲ್ಲ.

"ಹೇಳಿಕೊಟ್ಟಷ್ಟು ನುಡಿಸ್ತೀನಿ ಕಣಮ್ಮ. ಅದರಾಚೆ ಒಂದು ಸ್ವರಾನೂ ಕೇಳ್ಬೇಡ," ಎಂದಿದ್ದರು ಮಾವ.

"ಅಷ್ಟೇ ಸಾಕು ಮಾವ," ಎಂದಿದ್ದಳು ಸೊಸೆ.

ಅವರ ಕಾರ್ಯಕ್ರಮವಿದ್ದ ರೇಡಿಯೋ ಸ್ಟುಡಿಯೋ ಎಂದರೆ ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಪುಟ್ಟ ಕೋಣೆ. ನೇರ ಪ್ರಸಾರ, ತಪ್ಪಿದರೆ ತಿದ್ದುವ ಹಾಗಿಲ್ಲ. ಡ್ರಮ್ ಬಾರಿಸುವ ಹುಡುಗಿಯನ್ನು ಎಲ್ಲರೂ ಗುಡುಗು ಎಂದೇ ಕರೆಯುತ್ತಿದ್ದರು. ಮಾವನ ಕುರ್ಚಿ ಅವಳ ಪಕ್ಕಕ್ಕೇ ಬಂದಿತ್ತು. ಅವರು ಆ ಕಡೆಯ ಕಿವಿಗೆ ಹತ್ತಿ ತುರುಕಿಕೊಂಡರು. ಗಾಜಿನಾಚೆ ಕುಳಿತ ತಂತ್ರಜ್ಞೆ ಕೈ ಎತ್ತಿದಳು, ಕೆಂಪು ದೀಪ ಹೊತ್ತಿತು.

ಮೊದಲ ಹಾಡು ಸರಾಗವಾಗಿ ಸಾಗಿತು. ಎರಡನೆಯದರ ಪಲ್ಲವಿ ಎತ್ತಿಕೊಳ್ಳಬೇಕು, ಅಷ್ಟರಲ್ಲಿ ಸೊಸೆಗೆ ಬಿಕ್ಕಳಿಕೆ ಬಂತು. ಹಿಕ್! ಮೈಕು ಅದನ್ನು ಊರಿಗೆಲ್ಲ ಸಾರಿತು. ನೀರು ಕುಡಿದಳು, ಉಸಿರು ಬಿಗಿಹಿಡಿದಳು. ಹಿಕ್! ಗಿಟಾರಿನವನ ಬೆರಳು ನಿಂತೇಹೋಯಿತು. ತಂತ್ರಜ್ಞೆ ತಲೆಯ ಮೇಲೆ ಕೈಹೊತ್ತಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಸೊಸೆಗೆ.

ಆಗ ಮಾವ ಕಮಾನನ್ನು ತೊಡೆಯ ಮೇಲಿಟ್ಟು ಬೆರಳಿನಿಂದ ತಂತಿ ಮೀಟಿದರು. ಒಂದು ಹಿಕ್ಕಿಗೆ ಒಂದು ಟಿಣ್. ಮುಂದಿನದಕ್ಕೆ ಎರಡು. ಗುಡುಗಿನ ಮುಖ ಅರಳಿತು; ಮೆಲ್ಲಗೆ ತಾಳ ಹಿಡಿದು ಮೈಕಿಗೆ ಬಾಗಿದಳು: "ನಮ್ಮಕ್ಕನ್ನ ಯಾರೋ ನೆನೆಸ್ಕೊಳ್ತಿದ್ದೀರಿ. ಸ್ವಲ್ಪ ಬಿಟ್ಬಿಡಿ, ಹಾಡ್ಬೇಕು!"

ಗಿಟಾರೂ ಸೇರಿಕೊಂಡಿತು. ತಾಳ ತಪ್ಪಿ ಬಂದ ಬಿಕ್ಕಳಿಕೆಯನ್ನೆಲ್ಲ ಮಾವ ಅಟ್ಟಿಸಿಕೊಂಡು ಹೋಗಿ ಹಿಡಿದು ಸ್ವರದಲ್ಲಿ ಕೂರಿಸಿದರು. ಸೊಸೆಗೆ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲಿ ಬಿಕ್ಕಳಿಕೆ ಎಲ್ಲಿ ಹೋಯಿತೋ, ಪಲ್ಲವಿ ತುಂಬುಗಂಟಲಿನಿಂದ ಹೊರಟಿತು.

ದೀಪ ಆರಿದ ಮೇಲೆ ತಂತ್ರಜ್ಞೆ ಬಾಗಿಲು ತಳ್ಳಿಕೊಂಡು ಬಂದಳು. "ಫೋನು ಒಂದೇ ಸಮ ಬಡ್ಕೊಳ್ತಿದೆ. ಬಿಕ್ಕಳಿಕೆ ಹಾಡು ಇನ್ನೊಂದ್ಸಲ ಬೇಕಂತೆ. ಮುಂದಿನ ವಾರ ಬರ್ತೀರಾ?"

"ಅಯ್ಯೋ, ಅದೇನು ಕರೆದಾಗ ಬರುತ್ತಾ?" ಎಂದಳು ಸೊಸೆ.

ಮಾವ ಪಿಟೀಲನ್ನು ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದರು. "ಬರ್ತೀವಿ ಅಂತ ಹೇಳಮ್ಮ. ಹಾಡೋದು ನೀನು ನೋಡ್ಕೋ, ಬಿಕ್ಕಳಿಕೆ ನನಗೆ ಬಿಡು."