ಮನೆ ಬಿಟ್ಟ ಮೈ

ಬಾಯವ್ವ ಸತ್ತ ಅತ್ತೆಯ ಬಲಗೈ ಎತ್ತಿ ಹಿಡಿದು, ಬಾಗಿಲಾಚೆ ನಿಂತ ಗಂಡಸರಿಗೆ ಬಗಲು ತೋರಿಸಿದಳು.

"ನೋಡ್ರಿ, ಗಂಟಿಲ್ಲ. ಈ ಕಡೀನೂ ಇಲ್ಲ."

ಯಾರೂ ಹೊಸ್ತಿಲು ದಾಟಲಿಲ್ಲ. ಸಂಗೊಳ್ಳಿಯಲ್ಲಿ ನಾಲ್ಕು ದಿನದಿಂದ ಇಲಿ ಬೀಳುತ್ತಿದ್ದವು. ಎಂಟು ವರ್ಷದ ಮೇಲೆ ಮತ್ತೆ ಪ್ಲೇಗು. ಸಂಜೆಯೊಳಗೆ ಊರು ಖಾಲಿಯಾಗಬೇಕೆಂದು ಬೈಲಹೊಂಗಲದಿಂದ ಮಾಮಲೇದಾರರ ಹುಕುಂ ಬಂದಿತ್ತು. ಬೀಸುವ ಕಲ್ಲು, ಹಾಸಿಗೆ, ಕೋಳಿ ಬುಟ್ಟಿ ಹೇರಿಕೊಂಡ ಬಂಡಿಗಳು ಓಣಿಯುದ್ದಕ್ಕೂ ನಿಂತಿದ್ದವು. ಅಂಥ ದಿನವೇ ಸೂಲಗಿತ್ತಿ ರಾಯವ್ವ ಸತ್ತಿದ್ದಳು.

"ಜ್ವರಾ ಇತ್ತೇನು?" ರಾಯವ್ವನ ಮೈದುನ ಮುದಕಪ್ಪ ಹೊರಗಿನಿಂದಲೇ ಕೇಳಿದ.

"ಇಲ್ರಿ ಮಾವಾ. ಇಲಿ ಬಿದ್ದಾವು ಅಂತ ಕೇಳಿದಾಗಿಂದ ಒಂದು ತುತ್ತು ಉಂಡಿದ್ದಿಲ್ಲ, ಕಣ್ಣು ಮುಚ್ಚಿದ್ದಿಲ್ಲ. ಎದಿ ಹಾರತೈತಿ ಅಂತಿದ್ಲು. ಮುಂಜಾನಿ ಕುಂತಲ್ಲೇ ವಾಲಿದ್ಲು."

"ಬೀರಪ್ಪ ಇದ್ದಿದ್ರ..." ಎಂದು ಮುದಕಪ್ಪ ಮಾತು ನಿಲ್ಲಿಸಿದ. ಬಾಯವ್ವನ ಗಂಡ ಬೀರಪ್ಪ ಮುಂಬಯಿಯ ಗಿರಣಿಗೆ ಹೋಗಿ ಒಂದು ವರ್ಷ ದಾಟಿತ್ತು.

ಹೆಣಕ್ಕೆ ನೀರು ಹಾಕಲು ಹೆಂಗಸರು ಬೇಕಿತ್ತು. ಓಣಿಯ ಅರ್ಧ ಹೆಂಗಸರ ಹೆರಿಗೆ ಮಾಡಿಸಿದವಳು ರಾಯವ್ವ. ಆದರೂ ಎಲ್ಲರೂ ಸೆರಗು ಮೂಗಿಗೆ ಒತ್ತಿಕೊಂಡು ದೂರ ನಿಂತಿದ್ದರು. ಆಗ ಜನರ ನಡುವಿನಿಂದ ತಂಗೆವ್ವ ಬಂದಳು. ಒಕ್ಕಲುತನದ ದೊಡ್ಡ ಮನೆಯವಳು, ಐವತ್ತು ದಾಟಿದ ಹೆಂಗಸು. ಎಂಟು ವರ್ಷದಿಂದ ಈ ಮನೆಯ ಮುಂದೆ ಹಾದು ಹೋಗುವಾಗಲೆಲ್ಲ ಮುಖ ತಿರುಗಿಸಿಕೊಂಡು ಹೋಗುತ್ತಿದ್ದವಳು ಈಗ ಸೀದಾ ಒಳಗೆ ಬಂದು ಸೆರಗು ಸೊಂಟಕ್ಕೆ ಸಿಗಿಸಿದಳು.

"ನೀರು ಕಾದಾವೇನು?"

"ಕಾದಾವ್ರಿ. ಯವ್ವಾ, ನೀವು..."

"ಕೊಡ ತಾ. ತಲಿ ನಾ ಹಿಡಿತೇನಿ."

ಇಬ್ಬರೂ ಮುದುಕಿಯ ಮೈ ತೊಳೆದರು. ತಂಗೆವ್ವನ ಕೈ ಮೆತ್ತಗೆ ಆಡುತ್ತಿರಲಿಲ್ಲ. ಪಾತ್ರೆ ಉಜ್ಜಿದಂತೆ ಉಜ್ಜುತ್ತಿತ್ತು.

"ನಿಮ್ಮ ಅತ್ತಿ ಮೊನ್ನೆ ನಮ್ಮ ಮನೀಗೆ ಬಂದಿದ್ಲು. ಗೊತ್ತೈತೇನು?" ಎಂದಳು.

"ಇಲ್ರಿ. ಬಡಿಗಿ ಊರಿಕೊಂಡು ಎಲ್ಲಿಗೋ ಹೋಗಿದ್ದು ಗೊತ್ತು. ಬಂದು ಗ್ವಾಡಿ ಕಡೆ ಮಾರಿ ಮಾಡಿ ಕುಂತ್ಲು."

ತಂಗೆವ್ವ ಮತ್ತೊಂದು ಕೊಡ ಎತ್ತಿಕೊಂಡಳು.

*

೧೯೦೩ರ ಮಾಗಿಯಲ್ಲೂ ಊರು ಹೀಗೇ ಹೊರಬಿದ್ದಿತ್ತು. ಎರೆ ಹೊಲದಲ್ಲಿ ಜೋಳದ ದಂಟಿನ ಗುಡಿಸಲುಗಳು. ದಿನಾ ಒಂದಿಲ್ಲೊಂದು ಹೆಣ. ನಾಯಿ ಬೊಗಳಿದರೂ ಜನ ಎದ್ದು ಕೂರುತ್ತಿದ್ದರು.

ತಂಗೆವ್ವನ ಮಗಳು ರಾಚವ್ವನಿಗೆ ಆಗ ಇಪ್ಪತ್ತೆರಡು. ಊರಲ್ಲೇ ಕೊಟ್ಟಿದ್ದರು. ಗಂಡ ಹಾವು ಕಚ್ಚಿ ಸತ್ತು ಒಂದು ವರ್ಷವಾಗಿತ್ತು. ಗಂಡನ ಅಣ್ಣ ಬಸಲಿಂಗಪ್ಪನ ಸಂಸಾರದ ಜೊತೆಗೇ ಇದ್ದಳು. ಗುಡಿಸಲಿಗೆ ಬಂದ ನಾಲ್ಕನೆಯ ತಿಂಗಳು ಬಸಲಿಂಗಪ್ಪ ರಾಯವ್ವನನ್ನು ಕರೆಸಿದ.

"ನಮ್ಮ ತಮ್ಮನ ಹೇಣ್ತಿ ಮೂರು ತಿಂಗಳಾತು ಮುಟ್ಟಾಗಿಲ್ಲಂತ. ಒಳಗ ಹೋಗಿ ನೋಡು."

ಒಳಗೆ ರಾಚವ್ವ ಕಂಬಳಿಯ ಮೇಲೆ ಮಲಗಿದ್ದಳು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ರಾಯವ್ವ ಒತ್ತಿ ನೋಡಿದಳು. ಕೈಗೆ ಏನೂ ಸಿಗಲಿಲ್ಲ. ರಾಚವ್ವ ಅವಳ ಮುಂಗೈ ಹಿಡಿದುಕೊಂಡಳು.

"ರಾಯವ್ವಾ, ನಾ ಏನೂ ಮಾಡಿಲ್ಲ. ಖರೇ ಹೇಳು ಅವರಿಗೆ."

ಅದೇ ವಾರ ರಾಯವ್ವ ಗಂಡನನ್ನೂ ಹಿರಿಯ ಮಗನನ್ನೂ ಮಣ್ಣು ಮಾಡಿದ್ದಳು. ತನ್ನ ಬೆರಳು ಹೇಳಿದ್ದನ್ನು ನಂಬಲು ಅವಳಿಗೇ ಧೈರ್ಯವಿರಲಿಲ್ಲ. ಮೂವತ್ತು ವರ್ಷದ ಕಸುಬಿನಲ್ಲಿ, ಈ ವಯಸ್ಸಿನ ಹೆಣ್ಣಿಗೆ ಸುಮ್ಮಸುಮ್ಮನೆ ಮುಟ್ಟು ನಿಂತದ್ದನ್ನು ಅವಳು ಕಂಡಿರಲಿಲ್ಲ.

"ಐತೋ ಇಲ್ಲೋ? ಒಂದು ಮಾತಿನಾಗ ಹೇಳು," ಎಂದ ಬಸಲಿಂಗಪ್ಪ. ಅವನ ಹಿಂದೆ ನಾಲ್ಕು ಜನ ಹಿರಿಯರು ನಿಂತಿದ್ದರು.

"ಇರಬಹುದ್ರಿ," ಎಂದಳು ರಾಯವ್ವ.

ಮೂರನೆಯ ದಿನ ರಾಚವ್ವ ಮಲಪ್ರಭೆಯ ಮಡುವಿನಲ್ಲಿ ಸಿಕ್ಕಳು.

ಅದಾಗಿ ತಿಂಗಳೊಪ್ಪತ್ತಿನಲ್ಲಿ ಹೆಂಗಸರು ಒಬ್ಬೊಬ್ಬರಾಗಿ ರಾಯವ್ವನ ಗುಡಿಸಲಿಗೆ ಬರತೊಡಗಿದರು. ನನಗೂ ನಿಂತೈತಿ. ನನ್ನ ಮಗಳಿಗೂ ನಿಂತೈತಿ, ಇನ್ನೂ ಮದುವಿ ಆಗಿಲ್ಲ ರಾಯವ್ವಾ. ಕೂಸಿದ್ದವರಿಗೆ ಹಾಲು ಬತ್ತಿತ್ತು. ಬಸಲಿಂಗಪ್ಪನ ಹೆಂಡತಿಯೂ ಬಂದು ಬಾಯಿ ಮುಚ್ಚಿಕೊಂಡು ಅತ್ತು ಹೋದಳು. ಯಾರೂ ಬಸುರಿಯಾಗಿರಲಿಲ್ಲ. ಪ್ಲೇಗು ತಗ್ಗಿ ಜನ ಊರಿಗೆ ಮರಳಿ, ತಮ್ಮ ತಮ್ಮ ಒಲೆ ಹಚ್ಚಿದ ಮೇಲೆ ಹೆಚ್ಚಿನವರಿಗೆ ತಾನಾಗಿ ಸರಿಹೋಯಿತು.

ರಾಯವ್ವನಿಗೆ ಎಲ್ಲ ತಿಳಿಯಿತು. ತಿಳಿದದ್ದನ್ನು ಹೇಳಬೇಕೆಂದರೆ ರಾಚವ್ವನ ಹೆಸರು ಎತ್ತಬೇಕಿತ್ತು. ಅವಳು ಬಾಯಿ ಬಿಡಲಿಲ್ಲ.

*

ರಾಯವ್ವನಿಗೆ ಕುಣಿ ತೋಡಿ ಆಗಿತ್ತು. ಹೊತ್ತುಕೊಂಡು ಬಂದವರು ನಾಲ್ಕೇ ಜನ. ಉಳಿದವರು ಬಂಡಿ ಹೂಡಿಕೊಂಡೇ ದಾರಿಯ ಬದಿಗೆ ನಿಂತು, ಮಣ್ಣು ಬಿದ್ದ ಕೂಡಲೇ ಹೊರಡುವ ಅವಸರದಲ್ಲಿದ್ದರು. ದೊಡ್ಡ ರುಮಾಲು ಸುತ್ತಿದ ಬಸಲಿಂಗಪ್ಪ ಬಂದಿದ್ದ, ಯಾರ ಗುಡಿಸಲು ಎಲ್ಲಿ ಎಂಬುದನ್ನು ಈ ಸಲವೂ ಅವನೇ ಗೊತ್ತು ಮಾಡುತ್ತಿದ್ದ.

"ಮುದಕಪ್ಪಾ, ನಿಮ್ಮ ಬಾಯವ್ವ ಒಂಟಿ ಹೆಣಮಗಳು. ಗಂಡ ಊರಾಗಿಲ್ಲ. ನಮ್ಮ ಗುಡಿಸಲ ಎದುರಿಗೆ ಇರಲಿ, ಕಣ್ಣ ಮುಂದ. ಹ್ವಾದ ಸಲ ಆದಂಗ ಆಗೂದು ಬ್ಯಾಡ."

"ಬೀಗರ," ಎಂದಳು ತಂಗೆವ್ವ. ಎಂಟು ವರ್ಷದಲ್ಲಿ ಅವನೊಡನೆ ಆಡಿದ ಮೊದಲ ಮಾತು. "ಹ್ವಾದ ಸಲ ಏನಾಗಿತ್ರಿ?"

"ಈಗ್ಯಾಕವ್ವಾ ಆ ಮಾತು."

"ಈಗ ಬೇಕು. ಈ ರಾಯವ್ವ ಮೊನ್ನೆ ನನ್ನ ಬಾಗಲಿಗೆ ಬಂದಿದ್ಲು. ನಾ ಕದ ಹಾಕಿದೆ. ಹೊರಗ ನಿಂತೇ ಹೇಳಿದ್ಲು. ನಿನ್ನ ಮಗಳು ಬಸುರಿದ್ದಿಲ್ಲ, ನನ್ನ ಕೈಗೆ ಗೊತ್ತಿತ್ತು, ಬಾಯಿ ಅಂಜಿತು, ಅಂದ್ಲು. ಮನಿ ಬಿಟ್ಟ ಮೈ ಅಂಜತೈತಿ, ಅಂಜಿದ ಮೈ ಮುಟ್ಟು ಬಿಡತೈತಿ, ಅಂದ್ಲು. ಅವತ್ತು ಹೊಲದಾಗ ಎಷ್ಟೋ ಮಂದಿಗೆ ನಿಂತಿತ್ತಂತ."

ಗಂಡಸರು ನೆಲ ನೋಡಿದರು. ಮುದಕಪ್ಪ ಕೆಮ್ಮಿದ.

"ಹೆಣದ ಮುಂದ ಇದೆಂಥಾ ಮಾತು!" ಎಂದ ಬಸಲಿಂಗಪ್ಪ. "ಹೆಂಗಸರ ಸುದ್ದಿ..."

"ನಿಮಗ ತಿಳಿಯೂ ಹಂಗ ಹೇಳತೇನಿ. ಸವದತ್ತಿ ಸಂತ್ಯಾಗ ಕೊಂಡ ಎಮ್ಮಿ ಹೊಸ ಗೂಟಕ್ಕ ಕಟ್ಟಿದ್ರ ಹಾಲು ಏರಿಸಿಕೊಳ್ಳತೈತಿ, ಹಿಂಡಿದ್ರ ಹನಿ ಕೊಡೂದಿಲ್ಲ. ಎಂಟು ದಿನ ಸುಮ್ಮನ ಮೈ ತಿಕ್ಕತೀರಿ. ಹಿರ್‍ಯಾರ್ನ ಕೂಡಿಸಿ ಎಮ್ಮೀಗೆ ನ್ಯಾಯ ಕೇಳತೀರೇನು?"

ತಂಗೆವ್ವ ಬಂಡಿಯ ಪಕ್ಕದಲ್ಲಿ ನಿಂತಿದ್ದ ಬಸಲಿಂಗಪ್ಪನ ಹೆಂಡತಿಯ ಕಡೆ ತಿರುಗಿದಳು.

"ತಂಗೀ, ನೀನರ ಹೇಳು. ನಿನಗ ನಿಂತಿದ್ದಿಲ್ಲೇನು?"

ಅವಳ ತುಟಿ ಅಲ್ಲಾಡಿತು. ಗಂಡನ ಮುಖ ನೋಡಿದಳು. ಆಮೇಲೆ ಸೆರಗನ್ನು ಹಣೆಯ ಮೇಲಕ್ಕೆಳೆದುಕೊಂಡು ಬಂಡಿಯ ಹಿಂದಕ್ಕೆ ಸರಿದಳು.

"ಮಣ್ಣು ಹಾಕ್ರಪ್ಪಾ, ಹೊತ್ತಾತು," ಎಂದ ಮುದಕಪ್ಪ.

*

ಹೊತ್ತು ಇಳಿಯುವಷ್ಟರಲ್ಲಿ ಎರೆ ಹೊಲದಲ್ಲಿ ನಲವತ್ತು ಗುಡಿಸಲು ಎದ್ದಿದ್ದವು. ಬಸಲಿಂಗಪ್ಪ ತೋರಿಸಿದ ಜಾಗಕ್ಕೆ ಬಾಯವ್ವನನ್ನು ಹೋಗಗೊಡದೆ ತಂಗೆವ್ವ ಅವಳ ಗಂಟು ಗಡಿಗೆಗಳನ್ನು ತನ್ನ ಗುಡಿಸಲಿಗೇ ಹೊತ್ತು ತಂದಳು. ಮುದಕಪ್ಪ ನೋಡಿಯೂ ನೋಡದವನಂತೆ ಬಂಡಿಯ ಎತ್ತು ಬಿಚ್ಚಿದ.

"ನಮ್ಮ ಅತ್ತೀನ ಮಾಫ್ ಮಾಡಿದ್ರೇನ್ರಿ?" ಒಲೆಗೆ ಕಲ್ಲು ಹೂಡುತ್ತ ಬಾಯವ್ವ ಕೇಳಿದಳು.

"ಇಲ್ಲ," ಎಂದಳು ತಂಗೆವ್ವ. "ಕದ ತಗೀಬೇಕಿತ್ತು, ಅಷ್ಟ. ಕಣ್ಣಾಗ ಕಣ್ಣಿಟ್ಟು ಹೇಳಸಬೇಕಿತ್ತು."

ದೂರದಲ್ಲಿ ಯಾರದೋ ಕೂಸು ಅಳುತ್ತಿತ್ತು. ಬಹಳ ಹೊತ್ತಿನಿಂದ ಅಳುತ್ತಿತ್ತು.

"ಯವ್ವಾ, ನನಗೂ ನಿಂತ್ರ?"

"ನಿಂತ್ರ ನಿಲ್ಲಲಿ. ನನಗ ಹೇಳು. ಬ್ಯಾರೆ ಯಾರ ಮುಂದೂ ಉಸುರಬ್ಯಾಡ."

"ಬಸಲಿಂಗಪ್ಪನವರು ತಾವಾಗೇ ನೋಡಿ ತಿಳಕೊಂಡ್ರ?"

ತಂಗೆವ್ವ ಗೋಡೆಯ ಕಡೆ ನೋಡಿದಳು. ಅವಸರದಲ್ಲಿ ಕಟ್ಟಿದ ಜೋಳದ ದಂಟುಗಳ ನಡುವೆ ಬೆರಳು ತೂರುವಷ್ಟು ಸಂದಿ. ಅವಳು ಗಂಟು ಬಿಚ್ಚಿ ಒಂದು ಹಳೆಯ ಬಿಳಿ ಸೀರೆ ತೆಗೆದಳು. ಇಬ್ಬರೂ ಎರಡು ತುದಿ ಹಿಡಿದು ಅದನ್ನು ಗೋಡೆಯುದ್ದಕ್ಕೂ ಕಟ್ಟಿದರು. ಮುಳುಗುವ ಬಿಸಿಲು ಸಂದಿಗಳಿಂದ ತೂರಿ ಸೀರೆಯ ಮೇಲೆ ಕೆಂಪು ಗೆರೆಗಳಾಗಿ ಬಿತ್ತು. ನೋಡುತ್ತಿದ್ದಂತೆ ನಡುವಿನ ಗೆರೆಗಳು ಒಂದೊಂದಾಗಿ ಆರಿದವು. ಅಲ್ಲಿ, ಹೊರಗೆ ಬಂದು ನಿಂತವನ, ದೊಡ್ಡ ರುಮಾಲು ಸುತ್ತಿದ ತಲೆಯ ನೆರಳು ಮೂಡಿತು, ಅದರ ಕೆಳಗೆ ಹೆಗಲು. ನೆರಳು ಅಲ್ಲಾಡಲಿಲ್ಲ.