ಸೊಂಟದ ಹಿಂದಿನ ಕೈ

ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡರು ಎಂಬ ಗಾದೆ ಹುಟ್ಟಿದ್ದೇ ಸೈಕಲ್ ಪಂದ್ಯದವರನ್ನು ಕಂಡು ಎಂದು ಸುಗಲಮ್ಮನ ನಂಬಿಕೆ. ಸೊಸೆ ದೇವಕಮ್ಮ ಬೆಳಗಿನ ಚಳಿಯಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಂಡು ಸೈಕಲ್ ಹೊರಗೆ ತೆಗೆದಾಗಲೆಲ್ಲ ಆಕೆ ಹಾಸಿಗೆಯಿಂದಲೇ ಆ ಗಾದೆಯನ್ನು ಒಮ್ಮೆ ಹೇಳಿ ಮಗ್ಗುಲು ಬದಲಿಸುತ್ತಿದ್ದಳು. ಹೇಳುವುದನ್ನು ಹೇಳಿ, ಮೊಮ್ಮಗಳು ಎದ್ದರೆ ಹಾಲು ಕಾಸಿ ಕೊಡುವವಳೂ ಆಕೆಯೇ. ಹಾಗಾಗಿ ದೇವಕಮ್ಮ ತುಟಿ ಪಿಟಕ್ಕೆನ್ನದೆ ಬಾಗಿಲು ಮುಂದೆ ಮಾಡಿಕೊಂಡು ಹೋಗಿಬಿಡುತ್ತಿದ್ದಳು.

ಕೆಂಭಾವಿಯ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ದೇವಕಮ್ಮ ಟೀಚರು. ಬಿಸಿಲು ಏರುವ ತನಕ ಕಾಲುವೆ ದಂಡೆಯ ಮೇಲೆ ಸೈಕಲ್ ತುಳಿದು ಬಂದು, ರೊಟ್ಟಿ ಬಡಿದು, ಮಗಳ ಜಡೆ ಹೆಣೆದು, ಬಸ್ಸು ಹಿಡಿದು ಹೋಗಿ, ಇಡೀ ದಿನ ನಡುಗುವ ತೊಡೆಗಳ ಮೇಲೆ ನಿಂತು ಪಾಠ ಹೇಳಬೇಕು. ಮಧ್ಯಾಹ್ನ ಮಕ್ಕಳು ರಾಗವಾಗಿ ಮಗ್ಗಿ ಹೇಳತೊಡಗಿದರೆ ಟೀಚರ ಕಣ್ಣು ತಾನಾಗಿಯೇ ಮುಚ್ಚುತ್ತಿತ್ತು. ಇದು ಎಷ್ಟು ವರ್ಷ ನಡೆಯುವ ಬಾಳು? ದೀಪಾವಳಿಯ ಹೊತ್ತಿಗೆ ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಸಿಟ್ಟಿನ ಭರದಲ್ಲಿ ದೇವಕಮ್ಮನೇ ಆಣೆ ಹಾಕಿಬಿಟ್ಟಳು: ಈ ಸಲ ಜಿಲ್ಲೆಯಿಂದ ರಾಜ್ಯದ ಪಂದ್ಯಕ್ಕೆ ಆರಿಸಿ ಬಂದರೆ ಸರಿ, ಇಲ್ಲದಿದ್ದರೆ ಯುಗಾದಿಗೆ ಸೈಕಲ್ ಮಾರುವುದು, ಮತ್ತೆ ಅದರ ಹೆಸರೆತ್ತುವುದಿಲ್ಲ. ಗಂಡ ಭಗವಂತರಾಯ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಯಾರೂ ಅಲ್ಲ ಎನ್ನದ ಮಾತು ಮನೆಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಜಿಲ್ಲೆಯಿಂದ ಹೋಗುವ ಹೆಣ್ಣುಮಗಳು ಒಬ್ಬಳೇ.

ಆ ಒಂದು ಜಾಗಕ್ಕೆ ಕಣ್ಣಿಟ್ಟ ಇನ್ನೊಬ್ಬಳು ದೂರದಲ್ಲೇನೂ ಇರಲಿಲ್ಲ. ದಿನಾ ಬೆಳಿಗ್ಗೆ ದೇವಕಮ್ಮನ ಬೆನ್ನಿಗೇ ಇರುತ್ತಿದ್ದಳು. ಮರಿಲಿಂಗಮ್ಮ ಕೆಂಭಾವಿ ಠಾಣೆಯ ಪೊಲೀಸ್. ರಾತ್ರಿ ಪಾಳಿ ಮುಗಿಸಿ, ಖಾಕಿ ಬಿಚ್ಚಿಟ್ಟು ನೇರ ಕಾಲುವೆಗೆ ಬರುವ ಗಟ್ಟಿ ಹುಡುಗಿ. ವಯಸ್ಸಿನಲ್ಲಿ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. ಅವಳಿಲ್ಲದೆ ದೇವಕಮ್ಮನಿಗೆ ಅಭ್ಯಾಸವಿಲ್ಲ, ಅವಳಿದ್ದರೆ ಗೆಲುವಿಲ್ಲ. ಎಂಥ ಪೀಕಲಾಟ ನೋಡಿ.

ಸೈಕಲ್ ಪಂದ್ಯದಲ್ಲಿ ಮೊದಲ ಶತ್ರು ಗಾಳಿ. ಮುಂದಿನವಳು ಎದೆಯೊಡ್ಡಿ ಗಾಳಿ ಸೀಳಿದರೆ ಹಿಂದಿನವಳಿಗೆ ಎಷ್ಟೋ ಕಷ್ಟ ತಪ್ಪುತ್ತದೆ. ಅದಕ್ಕೇ ಇಬ್ಬರೂ ಪಾಳಿ ಹಚ್ಚಿಕೊಂಡು ಮುಂದಾಗುತ್ತಿದ್ದರು. ಆದರೆ ಹಿಂದಿನವಳಿಗೆ ಕಾಣುವುದು ಮುಂದಿನವಳ ಬೆನ್ನು ಮತ್ತು ಗಾಲಿ ಅಷ್ಟೇ. ರಸ್ತೆ ಕಾಣುವುದಿಲ್ಲ. ಮುಂದಿನವಳು ಸೊಂಟದ ಹಿಂದೆ ಎಡಗೈ ತಂದು ಆಡಿಸಿದರೆ ಎಡಕ್ಕೆ ಅಪಾಯವಿದೆ, ಬಲಕ್ಕೆ ಸರಿ ಎಂದು ಅರ್ಥ. ಬಲಗೈ ಆಡಿಸಿದರೆ ಎಡಕ್ಕೆ ಸರಿಯಬೇಕು. ಆ ಕೈಯೇ ಹಿಂದಿನವಳ ಕಣ್ಣು.

ಚಳಿಗಾಲದಲ್ಲಿ ಆ ಸೀಮೆಯ ರಸ್ತೆಗಳಲ್ಲಿ ಈ ಕೈ ಇಲ್ಲದೆ ನಡೆಯುವುದಿಲ್ಲ. ಕಾಲುವೆ ನೀರು ಬಂದ ಮೇಲೆ ಎಲ್ಲಿ ನೋಡಿದರೂ ಭತ್ತ. ಒಣಗಿಸಲು ಕಣ ಸಾಲದೆ ಡಾಂಬರು ರಸ್ತೆಯೇ ಕಣವಾಯಿತು. ಅರ್ಧ ರಸ್ತೆಗೆ ಭತ್ತ ಹರವಿ, ಗಾಡಿಗಳು ಹತ್ತದಂತೆ ಅಂಚಿಗೆ ಕಲ್ಲುಗಳ ಸಾಲು ಇಡುತ್ತಾರೆ. ಒಣಗಿದ ಮೇಲೆ ಒಂದು ಕಾಳೂ ಬಿಡದೆ ಗುಡಿಸಿ ಚೀಲ ತುಂಬುತ್ತಾರೆ. ಕಲ್ಲು ಮಾತ್ರ ಅಲ್ಲೇ. ಕಲ್ಲೇನು ಯಾರಪ್ಪನ ಆಸ್ತಿ, ಎತ್ತಿ ಮನೆಗೆ ಒಯ್ಯಲು?

ಡಿಸೆಂಬರಿನ ಒಂದು ಬೆಳಿಗ್ಗೆ ಮರಿಲಿಂಗಮ್ಮ ಮುಂದಿದ್ದಳು. ದಿನಾ ಅಭ್ಯಾಸದ ಕೊನೆಗೆ ಕಾಲುವೆ ಸೇತುವೆಯ ತನಕ ಜಿದ್ದಿಗೆ ಬಿದ್ದು ಹೊಡೆಯುವುದು ಅವರ ರೂಢಿ. ಸೇತುವೆ ಇನ್ನೇನು ಬಂತು ಎನ್ನುವಾಗ ಅವಳ ಎಡಗೈ ಸೊಂಟದ ಹಿಂದೆ ಆಡಿತು. ದೇವಕಮ್ಮ ಒಮ್ಮೆಲೇ ಬಲಕ್ಕೆ ಹೊರಳಿದಳು. ಗಾಲಿ ರಸ್ತೆಯಂಚಿನ ಗರಸುಮಣ್ಣಿನಲ್ಲಿ ಜಾರಿತು, ಕಾಲಿನ ಲಯ ತಪ್ಪಿತು. ಸಾವರಿಸಿಕೊಂಡು ಸೇತುವೆ ಮುಟ್ಟಿದಾಗ ಮರಿಲಿಂಗಮ್ಮ ಕಟ್ಟೆಗೆ ಕಾಲು ಕೊಟ್ಟು ನಿಂತು ನಗುತ್ತಿದ್ದಳು.

"ಕಲ್ಲು ಎಲ್ಲಿತ್ತು?" ಎಂದಳು ದೇವಕಮ್ಮ.

"ಕಲ್ಲೂ ಇಲ್ಲ, ಮಣ್ಣೂ ಇಲ್ಲ. ಸುಮ್ನ ಮಜಾಕ್ ಮಾಡಿದೆ ಅಕ್ಕ."

"ಇದರಾಗ ಮಜಾಕ್ ಮಾಡಬಾರದು ಲಿಂಗಮ್ಮ. ಹಲ್ಲು ಉದುರ್ತಾವು."

"ಆತ್ ಬಿಡು, ಸಿಟ್ಟಾಗಬ್ಯಾಡ. ನೀ ನನ್ನಂಗಲ್ಲ, ನಿನಗ ಸುಳ್ಳು ಹೇಳಾಕ ಬರಂಗಿಲ್ಲ. ನಿನ್ನ ಹಿಂದ ನಾ ಕಣ್ಣು ಮುಚ್ಚಿಕೊಂಡು ಬರ್ತೀನಿ ನೋಡು."

ದೇವಕಮ್ಮ ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು, ಅಲ್ಲಿಗೇ ಮುಗಿಯುತ್ತಿತ್ತು. ಮರುದಿನದಿಂದ ಅವಳು ಮರಿಲಿಂಗಮ್ಮನ ನೇರ ಹಿಂದೆ ಬರದೆ ಒಂದು ಗೇಣು ಪಕ್ಕಕ್ಕೆ ಸರಿದು, ರಸ್ತೆಯನ್ನು ತಾನೇ ನೋಡಿಕೊಂಡು ಬರತೊಡಗಿದಳು. ಆ ಒಂದು ಗೇಣಿಗೆ ಚಳಿಗಾಳಿಯೆಲ್ಲ ಅವಳ ಭುಜಕ್ಕೆ ಬಡಿಯುತ್ತಿತ್ತು. ಮನೆಗೆ ಬರುವಾಗ ಮೊದಲಿಗಿಂತ ಹೆಚ್ಚು ದಣಿದಿರುತ್ತಿದ್ದಳು. ಒಳಗೊಳಗೇ ಒಂದು ಕಹಿ ಕೂತಿತ್ತು, ಅದನ್ನು ಯಾರಿಗೂ ಹೇಳಲಿಲ್ಲ.

ಸಂಕ್ರಾಂತಿ ಮುಗಿದ ವಾರ ಪಂದ್ಯ. ಸುರಪುರದಿಂದ ಹೊರಟು, ಹುಣಸಗಿಯಲ್ಲಿ ತಿರುಗಿ, ಕೆಂಭಾವಿಯಲ್ಲಿ ಮುಗಿಯಬೇಕು. ಪಂದ್ಯ ನಡೆಸುವವರು ನಿವೃತ್ತ ಡ್ರಿಲ್ ಮಾಸ್ತರ ಅಮೀನುದ್ದೀನ. ಹಿಂದಿನ ದಿನವೆಲ್ಲ ಅವರು ಊರೂರಿಗೆ ಹೋಗಿ ರಸ್ತೆಯ ಮೇಲಿನ ಭತ್ತ ತೆಗೆಯಿರಿ ಎಂದು ಕೈಮುಗಿದು ಬಂದಿದ್ದರು. "ಆತ್ರಿ ಮಾಸ್ತರ, ನಾಳೆ ಒಂದು ಕಾಳ ಸೈತ ಇರಂಗಿಲ್ಲ" ಎಂದು ಎಲ್ಲರೂ ಮಾತು ಕೊಟ್ಟಿದ್ದರು.

ಯಾದಗಿರಿಯ ಹುಡುಗಿಯರು ಹುಣಸಗಿ ಬರುವ ಮೊದಲೇ ಹಿಂದೆ ಬಿದ್ದರು. ಶಹಾಪುರದವಳೊಬ್ಬಳು ತಿರುವಿನ ತನಕ ಅಂಟಿಕೊಂಡು ಬಂದು ಅಲ್ಲಿ ಕೈಚೆಲ್ಲಿದಳು. ಕೆಂಭಾವಿಯ ದಾರಿ ಹಿಡಿದಾಗ ಉಳಿದವರು ಇಬ್ಬರೇ, ಮತ್ತು ಹಿಂದೆ ಮಾಸ್ತರರ ಕಡೆಯ ಒಬ್ಬ ಬೈಕಿನವನು.

ಅಲ್ಲಿಂದ ಮುಂದೆ ಮೂಡಗಾಳಿ ಬಲಭುಜಕ್ಕೆ ಬಡಿಯುತ್ತಿತ್ತು. ಬಲದಿಂದ ಗಾಳಿ ಬಂದರೆ ಹಿಂದಿನವಳಿಗೆ ಆಸರೆ ಸಿಗುವುದು ಎಡಕ್ಕೆ. ದೇವಕಮ್ಮ ಮುಂದಾದಾಗ ಮರಿಲಿಂಗಮ್ಮ ಅವಳ ಹಿಂದೆಯೇ ಎಡ ಮಗ್ಗುಲಿಗೆ, ಗಾಲಿಗೆ ಗಾಲಿ ತಾಗುವಷ್ಟು ಹತ್ತಿರ ಸೇರಿಕೊಂಡಳು. ತಲೆ ಪೂರಾ ಕೆಳಗೆ. ಕಣ್ಣು ಮುಚ್ಚಿಕೊಂಡು ಬರುತ್ತೇನೆ ಎಂದದ್ದು ಬರೀ ಬಾಯಿಮಾತಾಗಿರಲಿಲ್ಲ.

ದೇವಕಮ್ಮನ ತೊಡೆಗಳು ಉರಿಯುತ್ತಿದ್ದವು. ಊರಿನ ನೀರಿನ ಟಾಕಿ ದೂರದಲ್ಲಿ ಕಾಣಿಸಿತು. ಮುಂದೇನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಟಾಕಿ ದಾಟಿದ ಕೂಡಲೇ ಹಿಂದಿನವಳು ಎದ್ದು ನಿಂತು ತುಳಿಯುತ್ತಾಳೆ, ಗಾಳಿಯ ಹಾಗೆ ದಾಟಿ ಹೋಗುತ್ತಾಳೆ. ಸೇತುವೆಯ ಜಿದ್ದಿನಲ್ಲಿ ದೇವಕಮ್ಮ ಒಂದು ದಿನವೂ ಗೆದ್ದವಳಲ್ಲ. ಇಂದೂ ಗೆಲ್ಲುವುದಿಲ್ಲ. ಯುಗಾದಿಗೆ ಯಾರೋ ಬಂದು ಸೈಕಲ್ ಒಯ್ಯುತ್ತಾರೆ, ತಾನು ಒಳಗೆ ಹೋಳಿಗೆ ಬೇಯಿಸುತ್ತ ಕೇಳಿಸದವಳ ಹಾಗೆ ಇರಬೇಕು.

ಆಗ ಕಲ್ಲುಗಳನ್ನು ಕಂಡಳು.

ಮಾತು ಕೊಟ್ಟಿದ್ದಂತೆ ಒಂದು ಕಾಳೂ ಇರಲಿಲ್ಲ. ರಸ್ತೆ ಅಂಗಳದಷ್ಟು ಸ್ವಚ್ಛ. ಎಡಗಡೆ ಮಾತ್ರ ಕಲ್ಲುಗಳ ಸಾಲು ಇಟ್ಟ ಹಾಗೇ ಇತ್ತು. ದೇವಕಮ್ಮನ ಗಾಲಿ ಅವುಗಳ ಪಕ್ಕದಿಂದ ಸಲೀಸಾಗಿ ಹೋಗುತ್ತದೆ. ಎಡ ಮಗ್ಗುಲಲ್ಲಿ ಬರುವವಳ ಗಾಲಿ ನೇರ ಅವುಗಳ ಮೇಲೆ.

ಸುಳ್ಳು ಹೇಳುವುದೇನೂ ಬೇಡ. ಮೋಸದ ಕೈ ಮಾಡುವುದೂ ಬೇಡ. ಕೈ ಇದ್ದಲ್ಲೇ ಇದ್ದರೆ ಸಾಕು. ಡಿಸೆಂಬರಿನ ಆ ನಗು ಕಿವಿಯಲ್ಲಿ ಕೇಳಿಸಿತು. ಎಡಗೈ ಹ್ಯಾಂಡಲ್ಲಿಗೆ ಬೆಸೆದುಕೊಂಡಂತೆ ಇತ್ತು. ಕೈ ಮಾಡುವ ಹೊತ್ತು ಇದೇ ಎಂದು ಮೈಗೆ ಗೊತ್ತಿತ್ತು, ಆ ಹೊತ್ತು ದಾಟಿತು. ಅವಳು ಒಂದು ಉಸಿರು ಎಳೆದುಕೊಂಡಳು, ಬಿಟ್ಟಳು.

ಆಮೇಲೆ ಕೈ ಹಿಂದೆ ಹೋಯಿತು. ಸೊಂಟದ ಹಿಂದೆ ಜೋರಾಗಿ ಆಡಿತು.

ಮರಿಲಿಂಗಮ್ಮ ತಲೆ ಎತ್ತಿಯೂ ನೋಡದೆ, ಕೈ ಕಂಡದ್ದೇ ತಡ, ಬಲಕ್ಕೆ ಹೊರಳಿದಳು. ಮುಂದಿನ ಗಾಲಿ ಮೊದಲ ಕಲ್ಲನ್ನು ತಪ್ಪಿಸಿತು, ಹಿಂದಿನ ಗಾಲಿ ತಪ್ಪಿಸಲಿಲ್ಲ. ಟೈರು ಒಡೆದ ಸದ್ದು, ಆಮೇಲೆ ಸೈಕಲ್ ಡಾಂಬರಿಗೆ ಉಜ್ಜಿದ ಸದ್ದು. ದೇವಕಮ್ಮ ಒಮ್ಮೆ ತಿರುಗಿ ನೋಡಿದಳು. ಮರಿಲಿಂಗಮ್ಮ ರಸ್ತೆಯ ನಡುವೆ ಎದ್ದು ಕೂತಿದ್ದಳು, ಬೈಕಿನವನು ಅವಳ ಬಳಿ ನಿಲ್ಲಿಸುತ್ತಿದ್ದ. ದೇವಕಮ್ಮ ಮುಂದೆ ತಿರುಗಿ ತುಳಿದಳು. ಕೆಂಭಾವಿ ಬರುವ ತನಕ ತುಳಿದಳು.

ಗೆರೆ ದಾಟಿದಾಗ ಜನ ಶಿಳ್ಳೆ ಹಾಕಿದರು. ಸುಗಲಮ್ಮ ಮೊಮ್ಮಗಳನ್ನು ಬಗಲಲ್ಲಿ ಎತ್ತಿಕೊಂಡು ನುಗ್ಗಿ ಬಂದು ಸೆರಗಿನಿಂದ ಸೊಸೆಯ ಮುಖ ಒರೆಸಿದಳು. "ಗಾಳೀನ ಗುದ್ದಿ ಗೆದ್ದೆಲ್ಲವ್ವ" ಎಂದಳು. ಆ ಮಾತಿಗೆ ದೇವಕಮ್ಮ ಎಷ್ಟು ಚಳಿಗಾಲ ಕಾದಿದ್ದಳು. ಈಗ ಅದು ಮೈಗೆ ಹತ್ತಲೇ ಇಲ್ಲ.

ಬೈಕಿನ ಹಿಂದೆ ಕೂತು ಮರಿಲಿಂಗಮ್ಮ ಬಂದಳು. ಮೊಳಕೈ, ಮೊಣಕಾಲು ರಕ್ತ. ಗುಂಪಿನಲ್ಲಿ ಗುಸುಗುಸು ಶುರುವಾಯಿತು: ಮುಂದಿನವಳೇ ಬೀಳಿಸಿರಬೇಕು ಎಂದು. ಅಮೀನುದ್ದೀನ ಮಾಸ್ತರರು ಬೈಕಿನವನನ್ನು ಕರೆದು ಕೇಳಿದರು.

"ಟೀಚರ್ ಕೈ ಮಾಡ್ಯಾರ್ರಿ ಮಾಸ್ತರ. ನಾ ಕಣ್ಣಾರೆ ನೋಡೀನಿ" ಎಂದ ಅವನು.

ಮಾಸ್ತರರು ಮರಿಲಿಂಗಮ್ಮನ ಕಡೆ ತಿರುಗಿದರು. ಅವಳು ದೇವಕಮ್ಮನ ಮುಖವನ್ನೇ ನೋಡಿದಳು.

"ಹೌದ್ರಿ. ಅಕ್ಕ ಕೈ ಮಾಡ್ಯಾಳ್ರಿ. ನಾನ ಸರಿಯಾಗಿ ಹೊರಳಲಿಲ್ಲ."

"ನೋಡ್ರಿ" ಎಂದು ಮಾಸ್ತರರು ಜನರಿಗೆ ಹೇಳಿದರು, "ಸೋಲೋ ಹೊತ್ತಿನಾಗೂ ಎದುರಾಳಿಗೆ ಕೈ ಮಾಡ್ಯಾಳ ಈಕಿ. ಆಟ ಅಂದ್ರ ಇದು." ಚಪ್ಪಾಳೆ ಬಿತ್ತು. ಕೊರಳಿಗೆ ಬಿದ್ದ ಹಾರ ದೇವಕಮ್ಮನಿಗೆ ಮುಳ್ಳಿನ ಬೇಲಿಯಂತೆ ಚುಚ್ಚಿತು.

ಗದ್ದಲ ಕರಗಿದ ಮೇಲೆ ಮರಿಲಿಂಗಮ್ಮ ನಳದ ಕೆಳಗೆ ಮೊಳಕೈ ತೊಳೆಯುತ್ತಿದ್ದಳು. ದೇವಕಮ್ಮ ಹೋಗಿ ಪಕ್ಕದಲ್ಲಿ ನಿಂತಳು.

"ದಿನಾ ಕಲ್ಲು ಬರೂದಕ್ಕ ಬಾಳ ಮೊದಲ ಬರ್ತಿತ್ತು ನಿನ್ನ ಕೈ" ಎಂದಳು ಮರಿಲಿಂಗಮ್ಮ, ತಲೆ ಎತ್ತದೆ. "ನಾ ಸಾವಕಾಶ ಸರೀತಿದ್ದೆ. ಇವತ್ತ ಕೈನೂ ಕಲ್ಲೂ ಕೂಡೇ ಬಂದ್ವು."

ಕಲ್ಲುಗಳನ್ನು ಮೊದಲೇ ನೋಡಿರಲಿಲ್ಲ ಎಂದುಬಿಡಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

"ನೋಡಿದ್ದೆ ಲಿಂಗಮ್ಮ" ಎಂದಳು ದೇವಕಮ್ಮ.

"ಗೊತ್ತದ. ನಿನಗ ಸುಳ್ಳು ಹೇಳಾಕ ಬರಂಗಿಲ್ಲ."

"ಮಾಸ್ತರ ಮುಂದ ಹೋಗಿ ಹೇಳ್ತೀನಿ."

"ಏನಂತ ಹೇಳ್ತಿ? ಕೈ ತಡಾ ಮಾಡಿದೆ ಅಂತನಾ? ಅದಕ್ಕ ಯಾವ ಕಾನೂನೂ ಇಲ್ಲ ಅಕ್ಕ." ಅವಳು ನಳ ಬಂದ್ ಮಾಡಿದಳು. "ಹೋಗು, ರಾಜ್ಯಕ್ಕ ಹೋಗು. ನಿಮ್ಮ ಅತ್ತಿ ಕಾಯಾಕತ್ಯಾಳ."

ಅವಳು ಬೈದಿದ್ದರೆ ದೇವಕಮ್ಮ ಆ ರಾತ್ರಿ ನಿದ್ದೆ ಮಾಡುತ್ತಿದ್ದಳು.

ಗಾಯ ಮಾಯುವ ತನಕ ಮರಿಲಿಂಗಮ್ಮ ಕಾಲುವೆಯ ಕಡೆ ಬರಲಿಲ್ಲ. ಇನ್ನು ಬರುವುದೂ ಇಲ್ಲ ಎಂದುಕೊಂಡು ದೇವಕಮ್ಮ ಒಬ್ಬಳೇ ತುಳಿಯುತ್ತಿದ್ದಾಗ, ಒಂದು ಬೆಳಿಗ್ಗೆ ಸೇತುವೆಯ ಬಳಿ ಮಂಜಿನಲ್ಲಿ ಅವಳು ಸೈಕಲ್ ಹಿಡಿದು ನಿಂತಿದ್ದಳು. ರಾಜ್ಯದ ಪಂದ್ಯಕ್ಕೆ ಜೊತೆಯಿಲ್ಲದೆ ಅಭ್ಯಾಸವಾಗುವುದಿಲ್ಲ ಎಂದು ಅವಳಿಗೂ ಗೊತ್ತು. "ನಡಿ ಅಕ್ಕ, ನಿನ್ನ ಸಾಲಿಗೆ ಹೊತ್ತಾಗ್ತದ" ಎಂದಳು. ದೇವಕಮ್ಮನ ಎದೆ ತುಂಬಿ ಬಂತು. ಗಾಳಿ ಸೀಳುತ್ತ ತಾನೇ ಮುಂದಾದಳು.

ಸ್ವಲ್ಪ ದೂರ ಹೋದ ಮೇಲೆ ಗಾಲಿಯ ಸದ್ದು ಬೆನ್ನ ಹಿಂದಿನಿಂದ ಬರುತ್ತಿಲ್ಲ ಎಂದು ತಿಳಿಯಿತು. ಮರಿಲಿಂಗಮ್ಮ ಒಂದು ಗೇಣು ಪಕ್ಕಕ್ಕೆ ಸರಿದು, ಬರಿಗಾಳಿಗೆ ಮೈಯೊಡ್ಡಿಕೊಂಡು, ರಸ್ತೆಯನ್ನು ತಾನೇ ನೋಡಿಕೊಂಡು ಬರುತ್ತಿದ್ದಳು.

ದೂರದಲ್ಲಿ ಒಂದು ಕಲ್ಲು ಕಂಡಿತು. ದೇವಕಮ್ಮ ಎಂದಿಗಿಂತಲೂ ಮೊದಲೇ ಕೈ ಹಿಂದಕ್ಕೆ ತಂದು ಆಡಿಸಿದಳು, ಕಲ್ಲು ಬರುವ ತನಕ ಆಡಿಸುತ್ತಲೇ ಇದ್ದಳು. ಮರಿಲಿಂಗಮ್ಮ ಮೊದಲು ಕತ್ತು ಉದ್ದ ಮಾಡಿ ಕಲ್ಲನ್ನು ನೋಡಿದಳು. ನೋಡಿದ ಮೇಲೆ ಸರಿದಳು.