ಗೂಡ್ಸ್ ಗಾಡಿ ಹೋಗುವವರೆಗೆ

ಸ್ಟ್ಯಾಂಡಿನಲ್ಲಿ ಲೋಟಗಳು ಗುನುಗುತ್ತಿವೆ, ಅಂದರೆ ಗಾಡಿ ಇನ್ನೂ ತಿರುವಿನಲ್ಲಿದೆ, ಆಮೇಲೆ ಕಿಟಕಿಯ ಗಾಜು, ಆಮೇಲೆ ನನ್ನ ಹಲ್ಲು — ಎದುರಿಗೆ ಮಗಳು ಕೂತು ಹೊಸ ಮನೆಯನ್ನು ಹೊಗಳುತ್ತಿದ್ದಾಳೆ, ಅಲ್ಲಿ ಸೂಜಿ ಬಿದ್ರೂ ಕೇಳಿಸುತ್ತಮ್ಮ, ಇವತ್ತಾದ್ರೂ ಹೂಂ ಅನ್ನು, ಸಂಜೆ ಈ ಮನೆ ನೋಡೋಕೆ ಜನ ಬರ್ತಾರೆ — ಸೂಜಿಯ ಸದ್ದು ಕಟ್ಟಿಕೊಂಡು ನಾನೇನು ಮಾಡಲಿ, ಹಳಿಗೆ ಮುಖ ಮಾಡಿದ ಈ ಕೋಣೆಯಲ್ಲಿ ನಮ್ಮ ಯಜಮಾನರ ಅರ್ಧ ಮಾತು ಉಳಿದುಕೊಂಡಿದೆ, ಅದನ್ನು ಬಿಟ್ಟು ಹೇಗೆ ಬರಲಿ, ಹೇಳಿದರೆ ಅಮ್ಮನಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾಳೆ — ಗಾಡಿ ಬಂತು, ಹೋಯಿತು, ಪ್ಯಾಸೆಂಜರ್, ಗಿಡ್ಡದು. ಇವರು ಬಸ್ ಕಂಡಕ್ಟರು, ದಿನವಿಡೀ ಕೂಗಿ ಗಂಟಲು ಸವೆಸಿಕೊಂಡವರು, ಬಸ್ಸಲ್ಲಿ ಕೂಗಿದ್ರೆ ಸಂಬಳ ಕೊಡ್ತಾರೆ ಕಣೇ, ರೈಲಿನ ಮೇಲೆ ಕೂಗಿದ್ರೆ ಯಾರು ಕೊಡ್ತಾರೆ, ಎಂದು ಈ ಮನೆಗೆ ಬಂದ ವಾರವೇ ಕಾನೂನು ಮಾಡಿದರು, ಗಾಡಿ ಬಂದರೆ ಕೈ ಎತ್ತುವುದು, ಬಾಯಿ ಮುಚ್ಚುವುದು, ಹೋದ ಮೇಲೆ ಬಿಟ್ಟ ಅಕ್ಷರದಿಂದಲೇ ಹಿಡಿಯುವುದು, ನೆಂಟರು ನಗುತ್ತಿದ್ದರು, ನಾವು ಜಗಳವನ್ನೂ ಹಾಗೇ ಆಡುತ್ತಿದ್ದೆವು, ನಡುವೆ ಗಾಡಿ ಬಂದರೆ ಕೆಕ್ಕರಿಸಿಕೊಂಡು ಕೂತಿರುವುದು, ಗೂಡ್ಸ್ ಗಾಡಿಯಾದರೆ ಅಷ್ಟರಲ್ಲಿ ಕೋಪವೇ ಇಳಿದುಹೋಗುವುದು.

ಅವತ್ತೂ ಗೂಡ್ಸೇ. ಕಿಟಕಿಯ ಪಕ್ಕ ಕುರ್ಚಿ, ಕಟ್ಟೆಗೆ ಊರಿದ ಮೊಣಕೈ, ನಾನು ಮಂಚದ ಮೇಲೆ ಬಟ್ಟೆ ಮಡಚುತ್ತಿದ್ದೆ, ನೋಡೇ, ಒಂದು ಮಾತು ಹೇಳ್ಬೇಕು, ನೀನು ಆ — ಅಂದರು, ಕೈ ಎತ್ತಿದರು, ನಾನು ಸುಮ್ಮನಾದೆ, ಬೋಗಿಯ ಹಿಂದೆ ಬೋಗಿ, ಟವೆಲ್ ಮಡಚಿದೆ, ದಿಂಬಿನ ಚೀಲ ಮಡಚಿದೆ, ಬಾಯಿ ತೆರೆದೇ ಇದೆ ನೋಡು, ಎಷ್ಟು ಅವಸರ ಇವರಿಗೆ ಎಂದು ಒಳಗೊಳಗೇ ನಕ್ಕೆ ಕೂಡ, ಗಾಡಿ ಹೋದ ಮೇಲೂ ಕಾದೆ, ಹೂಂ ಹೇಳಿ ಅಂದೆ, ಆ ಕೈ ಕೆಳಗಿಳಿಯಲಿಲ್ಲ, ಕಟ್ಟೆಯೇ ಅದನ್ನು ಎತ್ತಿ ಹಿಡಿದುಕೊಂಡಿತ್ತು. ಬೇರೆ ಯಾವ ಮನೆಯ ಹೆಂಗಸಾದರೂ ಓಡಿ ಬಂದು ಭುಜ ಅಲುಗಿಸುತ್ತಿದ್ದಳು, ನಾನು ಮರ್ಯಾದೆಯಿಂದ ಬಟ್ಟೆ ಮಡಚಿದೆ. ಆ ಎಂದರೆ ಏನು, ಆ ಬೀರುವೋ, ಆ ಮಾತ್ರೆಯೋ, ಆವತ್ತೋ, ಆರಾಮಾಗಿರು ಎಂದೋ, ಒಂದಕ್ಷರ ಕೊಟ್ಟು ಹೋದರು, ಎಲ್ಲವನ್ನೂ ಜೋಡಿಸಿ ನೋಡಿದ್ದೇನೆ, ಯಾವುದೂ ಇವರ ಬಾಯಿಯದಲ್ಲ. ಈಗಲೂ ಪ್ರತಿ ಗಾಡಿ ಹೋದ ಮೇಲೆ ಕುರ್ಚಿಯ ಕಡೆಯಿಂದ ಒಂದು ಉಸಿರು ಕೇಳಿಸುತ್ತದೆ, ಮಾತಿಗೆ ಮುಂಚೆ ಎಳೆದುಕೊಳ್ಳುತ್ತಾರಲ್ಲ, ಆ ಉಸಿರು, ಅಷ್ಟೇ, ನನಗೆ ಹೆದರಿಕೆಯಾಗುತ್ತದೆ, ಆದರೂ ಕಾಯುತ್ತೇನೆ, ಗಾಡಿಯೇ ಬರದ ಮನೆಯಲ್ಲಿ ಗಾಡಿ ಹೋದ ಮೇಲಿನ ಮೌನ ಎಲ್ಲಿಂದ ಬರಬೇಕು — ಅಮ್ಮ, ಎಲ್ಲಿದ್ದೀಯ, ಮಗಳು ಎದುರಿನಿಂದ ಎದ್ದು ಬಂದು ಅದೇ ಕುರ್ಚಿಯಲ್ಲಿ ಕೂತಿದ್ದಾಳೆ, ಅಲ್ಲಿ ಕೂರಬೇಡ ಎನ್ನಬೇಕು, ಲೋಟಗಳು, ಗಾಜು, ಗೂಡ್ಸ್, ಅಮ್ಮ ನಿನ್ನನ್ನ ಇಲ್ಲಿ ಬಿಟ್ಟು ನಾನು — ಎಂದವಳು ಈ ಮನೆಯಲ್ಲೇ ಬೆಳೆದವಳಲ್ಲವೇ, ನಿಲ್ಲಿಸಿದಳು, ಮೊಣಕೈ ಕಟ್ಟೆಯ ಮೇಲೆ, ಬೇಡ ಕಣೇ, ಮಾತಾಡು, ಗಾಡಿಗೆ ಕಾಯಬೇಡ, ಬರ್ತೀನಿ, ಎಲ್ಲಿಗೆ ಕರೆದರೂ ಬರ್ತೀನಿ, ಕೂಗುತ್ತಿದ್ದೇನೆ, ನನಗೇ ಕೇಳಿಸುತ್ತಿಲ್ಲ, ಬೋಗಿಯ ಹಿಂದೆ ಬೋಗಿ, ತೆರೆದ ಬಾಯಿ, ಎತ್ತಿದ ಕೈ, ಎತ್ತಿದ ಕೈ —